ಅನುಕೂಲಕ್ಕೆ ತೆತ್ತ ಬೆಲೆ: ಇವಾನ್ ಇಲ್ಲಿಚ್ ಅವರನ್ನು ಮತ್ತೆ ಓದುತ್ತಾ

ಇವಾನ್ ಇಲ್ಲಿಚ್ ಎಂದೊಡನೆ ಸಾಹಿತ್ಯಾಸಕ್ತರಿಗೆ ನೆನಪಾಗುವವನು ಟಾಲ್‌ಸ್ಟಾಯ್ ಅವರ 1886ರ ನೀಳ್ಗತೆಯ ನಾಯಕ. ಸಾವಿನ ಹಾಸಿಗೆಯಲ್ಲಿ ತನ್ನ ಬದುಕಿನ ಲೆಕ್ಕ ನೋಡುವ ಆ ನ್ಯಾಯಾಧೀಶ. ಈ ಲೇಖನಕ್ಕೆ ವಸ್ತುವಾದ ಇಲ್ಲಿಚ್ ಬೇರೆ. 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, 1951ರಲ್ಲಿ ರೋಮಿನಲ್ಲಿ ಗುರುದೀಕ್ಷೆ ಪಡೆದು, ನ್ಯೂಯಾರ್ಕಿನ ಧರ್ಮಕೇಂದ್ರವೊಂದರಲ್ಲಿ ಪೋರ್ಟೊರಿಕೊದಿಂದ ವಲಸೆ ಬಂದ ಬಡವರ ನಡುವೆ ಸೇವೆ ಸಲ್ಲಿಸಿ, ಮುಂದೆ 1961ರಲ್ಲಿ ಮೆಕ್ಸಿಕೊ ದೇಶದ ಕ್ವೆರ್ನವಾಕದಲ್ಲಿ ಅಧ್ಯಯನ ಕೇಂದ್ರವೊಂದನ್ನು ಕಟ್ಟಿದ ಕಥೋಲಿಕ ಗುರು ಅವರು. ಅವರ ವಿಚಾರಗಳು ರೋಮಿಗೆ ಹಿಡಿಸಲಿಲ್ಲ. 1968ರಲ್ಲಿ ವಿಚಾರಣೆಗೆ ಕರೆ ಬಂತು. ಮರುವರ್ಷ ಅವರು ಸಾರ್ವಜನಿಕ ಯಾಜಕ ಸೇವೆಯಿಂದ ಹಿಂದೆ ಸರಿದರು. ಧರ್ಮಸಭೆಯನ್ನು ಮಾತ್ರ ತೊರೆಯಲಿಲ್ಲ. 2002ರ ಡಿಸೆಂಬರ್ 2ರಂದು ಜರ್ಮನಿಯ ಬ್ರೆಮೆನ್ ನಗರದಲ್ಲಿ ನಿಧನರಾದರು.

ತೊಂಬತ್ತರ ದಶಕದಲ್ಲಿ ಗುರುಮಠಗಳಲ್ಲಿ ಓದಿದ ನಮ್ಮ ಪೀಳಿಗೆಗೆ ಅವರ ಹೆಸರು ಪರಿಚಿತ. ಬಹುಪಾಲು ಹೆಸರು ಮಾತ್ರ ಪರಿಚಿತ. ಶಾಲೆಗಳ ವಿರುದ್ಧ ಬರೆದವರು ಎಂಬ ಒಂದೇ ಸಾಲಿನಲ್ಲಿ ಅವರನ್ನು ಮುಗಿಸಿಬಿಡುತ್ತಿದ್ದೆವು. ಶಾಲೆಗಳನ್ನು ನಡೆಸುವುದೇ ಅರ್ಧ ಕಾಯಕವಾಗಿದ್ದ ನಮಗೆ 1971ರ ಆ ಕೃತಿ ಅಷ್ಟೇನೂ ಹಿತವಾಗಿ ಕಂಡಿರಲಾರದು. ಇಂದು ಮರಳಿ ಓದಬೇಕಾದದ್ದು ಅದನ್ನಲ್ಲ ಎಂಬುದು ನನ್ನ ಅಭಿಪ್ರಾಯ. 1974ರಲ್ಲಿ ಪುಸ್ತಕವಾಗಿ ಬಂದ ‘ಎನರ್ಜಿ ಅಂಡ್ ಈಕ್ವಿಟಿ’ ಎಂಬ ಕಿರುಹೊತ್ತಗೆ, 1981ರ ‘ಶ್ಯಾಡೊ ವರ್ಕ್’ ಎಂಬ ಪ್ರಬಂಧ ಸಂಕಲನ ಹಾಗೂ ಅವರ ಮರಣಾನಂತರ 2005ರಲ್ಲಿ ಡೇವಿಡ್ ಕೇಲಿ ಹೊರತಂದ ಸಂಭಾಷಣೆಗಳ ಗ್ರಂಥ, ಈ ಮೂರು ನಮ್ಮ ದಿನನಿತ್ಯದ ಬದುಕಿಗೆ ನೇರವಾಗಿ ತಾಗುತ್ತವೆ. ಅನುಕೂಲಗಳು ಹೆಚ್ಚಿದಷ್ಟೂ ಬಿಡುವು ಕಡಿಮೆಯಾಗುತ್ತಿರುವುದೇಕೆ, ಸಂಪರ್ಕ ಸಾಧನಗಳು ತುಂಬಿದಷ್ಟೂ ನೆರೆಹೊರೆ ಬರಿದಾಗುತ್ತಿರುವುದೇಕೆ ಎಂದು ಕೇಳುವವರು ನಮ್ಮ ಧರ್ಮಕೇಂದ್ರಗಳಲ್ಲಿ ಈಗ ಹಲವರಿದ್ದಾರೆ. ಅವರಿಗೆ ಪ್ರಬೋಧನೆಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಯಂತ್ರ ಕೆಟ್ಟದ್ದಲ್ಲ, ಬಳಸುವ ಮನಸ್ಸು ಕೆಟ್ಟದ್ದು. ಇಲ್ಲಿಚ್ ಈ ಉತ್ತರವನ್ನು ಒಪ್ಪುವುದಿಲ್ಲ. ಸಾಧನವೊಂದು ನಿರ್ದಿಷ್ಟ ಮಿತಿಯನ್ನು ದಾಟಿದ ಮೇಲೆ ಅದನ್ನು ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಳಸಿದರೂ ಅದು ತನ್ನ ಉದ್ದೇಶಕ್ಕೇ ವಿರುದ್ಧವಾಗಿ ಕೆಲಸ ಮಾಡತೊಡಗುತ್ತದೆ ಎಂಬುದು ಅವರ ಮೂಲ ಸಿದ್ಧಾಂತ.

ಮೊದಲ ಪುಸ್ತಕದ ಪ್ರಸಿದ್ಧ ಲೆಕ್ಕಾಚಾರವನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಸಾಮಾನ್ಯ ಕಾರು ಮಾಲೀಕ ವರ್ಷಕ್ಕೆ 1,600ಕ್ಕೂ ಹೆಚ್ಚು ಗಂಟೆಗಳನ್ನು ತನ್ನ ಕಾರಿಗೆ ಮೀಸಲಿಡುತ್ತಾನೆ ಎನ್ನುತ್ತಾರೆ ಇಲ್ಲಿಚ್. ಓಡಿಸುವ ಹೊತ್ತು, ನಿಲ್ಲಿಸಿ ಕಾಯುವ ಹೊತ್ತು, ಕಾರಿನ ಕಂತು, ಇಂಧನ, ವಿಮೆ, ತೆರಿಗೆಗಳ ಹಣವನ್ನು ದುಡಿಯಲು ತಗಲುವ ಹೊತ್ತು, ಇವೆಲ್ಲ ಈ ಮೊತ್ತದಲ್ಲಿ ಸೇರಿವೆ. ಅಷ್ಟು ಹೊತ್ತಿನಲ್ಲಿ ಅವನು ಕ್ರಮಿಸುವುದು 7,500 ಮೈಲಿ. ಭಾಗಿಸಿದರೆ ಗಂಟೆಗೆ ಐದು ಮೈಲಿಯೂ ಆಗುವುದಿಲ್ಲ. ಸೈಕಲ್ಲಿನವನು ಇದಕ್ಕಿಂತ ವೇಗವಾಗಿ ಹೋಗುತ್ತಾನೆ. ಅದಕ್ಕಾಗಿ ಅವನು ಸಾಲ ಮಾಡಬೇಕಿಲ್ಲ.

ಈ ಲೆಕ್ಕ ಐವತ್ತು ವರ್ಷಗಳ ಹಿಂದಿನದು, ಅದೂ ಅಮೆರಿಕದ್ದು ಎಂದು ಬದಿಗೆ ಸರಿಸುವಂತಿಲ್ಲ. ನಮ್ಮಲ್ಲಿಗೆ ಒಂದು ಕಲ್ಪಿತ ಉದಾಹರಣೆಯನ್ನು ಅನ್ವಯಿಸಿ ನೋಡೋಣ. ಬೆಂಗಳೂರಿನ ಹೊರವಲಯದ ಬಾಡಿಗೆ ಮನೆಯಿಂದ ಹದಿನೈದು ಕಿಲೋಮೀಟರ್ ದೂರದ ಕೆಲಸಕ್ಕೆ ಸ್ಕೂಟರಿನಲ್ಲಿ ಹೋಗಿಬರುವ ಯುವಕನೊಬ್ಬನಿದ್ದಾನೆ ಎನ್ನೋಣ. ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ ದುಡಿದು 18,000 ರೂಪಾಯಿ ಪಡೆಯುತ್ತಾನೆ. ಗಂಟೆಗೆ ಸುಮಾರು 86 ರೂಪಾಯಿ ಬಿತ್ತು. ಸ್ಕೂಟರಿನ ಸಾಲದ ಕಂತು 3,000, ಪೆಟ್ರೋಲು 2,500, ವಿಮೆ ಮತ್ತು ರಿಪೇರಿಗೆಂದು 700, ಒಟ್ಟು 6,200 ರೂಪಾಯಿ. ಇದನ್ನು ದುಡಿಯಲು ಅವನಿಗೆ 72 ಗಂಟೆ ಬೇಕು. ಹೋಗಿಬರಲು ದಿನಕ್ಕೆರಡು ಗಂಟೆಯಂತೆ ಇನ್ನು 52 ಗಂಟೆ. ಒಟ್ಟು 124 ಗಂಟೆಗಳಲ್ಲಿ ಅವನು ಕ್ರಮಿಸಿದ್ದು 780 ಕಿಲೋಮೀಟರ್. ಗಂಟೆಗೆ ಆರು ಕಿಲೋಮೀಟರಿಗಿಂತ ತುಸು ಹೆಚ್ಚು. ಬಿರುಸಾಗಿ ನಡೆಯುವವನ ವೇಗ!

ಈ ಲೆಕ್ಕವನ್ನು ಯುವಕರ ಕೂಟವೊಂದರಲ್ಲಿ ಮಂಡಿಸಿದರೆ ಅವರು ನಗುತ್ತಾರೆ, ಬಳಿಕ ತಕ್ಷಣವೇ ಒಂದು ಪ್ರಶ್ನೆ ಎತ್ತುತ್ತಾರೆ: “ಹಾಗಾದರೆ ಫಾದರ್, ಸ್ಕೂಟರ್ ಬಿಟ್ಟು ಹದಿನೈದು ಕಿಲೋಮೀಟರ್ ನಡೆಯಬೇಕೇ?” ಪ್ರಶ್ನೆ ನ್ಯಾಯವಾದದ್ದೇ. ನಡೆದರೆ ಅವನ ದಿನದಲ್ಲಿ ಆರು ಗಂಟೆ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಬರಿಯ ಭಾಗಾಕಾರದಿಂದ ಇದಕ್ಕೆ ಉತ್ತರ ಸಿಗದು. ಇಲ್ಲಿಚ್ ಅವರ ನಿಜವಾದ ಕೊಡುಗೆ ಇರುವುದು ಆ ಭಾಗಾಕಾರದಾಚೆಗೆ, ಅವರು ‘ಆಮೂಲಾಗ್ರ ಏಕಸ್ವಾಮ್ಯ’ ಎಂಬ ಅರ್ಥದಲ್ಲಿ ಕರೆದ ಪರಿಕಲ್ಪನೆಯಲ್ಲಿ. ಒಂದೇ ಕಂಪನಿಯ ಸೋಪು ಮಾರುಕಟ್ಟೆಯನ್ನೆಲ್ಲ ಆವರಿಸಿದರೆ ಅದು ಸಾಮಾನ್ಯ ಏಕಸ್ವಾಮ್ಯ. ಬೇರೆ ಸೋಪು ಬಂದರೆ ಮುರಿಯುತ್ತದೆ. ಆದರೆ ವಾಹನವು ರಸ್ತೆಯನ್ನು ಅಗಲಗೊಳಿಸಿ, ಊರನ್ನು ಹರಡಿ, ಕೆಲಸವನ್ನು ಮನೆಯಿಂದ ಹದಿನೈದು ಕಿಲೋಮೀಟರ್ ಆಚೆಗೆ ಒಯ್ದಿಟ್ಟು, ಪಾದಚಾರಿಯ ಹಾದಿಯನ್ನೂ ನುಂಗಿದ ಮೇಲೆ ಎಷ್ಟು ಬಗೆಯ ವಾಹನಗಳಿದ್ದರೇನು? ಕಾಲಿಗೇ ಬೆಲೆಯಿಲ್ಲದಾಗುತ್ತದೆ. ದೂರವನ್ನು ಸೃಷ್ಟಿಸಿದ್ದೂ ವಾಹನ, ಅದನ್ನು ದಾಟಿಸುವ ಉಪಕಾರಿಯೂ ವಾಹನ. ಯುವಕನ ಪ್ರಶ್ನೆಯೇ ಸಿದ್ಧಾಂತಕ್ಕೆ ಸಾಕ್ಷಿ: ಅವನಿಗೆ ಆಯ್ಕೆಯೇ ಉಳಿದಿಲ್ಲ.

ಸಂಸ್ಕೃತದಲ್ಲಿ ‘ಕೂಲ’ ಎಂದರೆ ದಡ. ದಡದ ಗುಂಟ ಸಾಗುವುದು ಅನುಕೂಲ, ಅದಕ್ಕೆದುರಾದದ್ದು ಪ್ರತಿಕೂಲ. ದಡದ ಗುಂಟ ಸಲೀಸಾಗಿ ಸಾಗುವವನು ಹೊಳೆ ಎತ್ತ ಒಯ್ಯುತ್ತಿದೆ ಎಂದು ವಿಚಾರಿಸುವುದು ಕಡಿಮೆ. ಬಯಲುಸೀಮೆಯ ನೀರಿನ ಕಥೆಯನ್ನೇ ನೋಡಿ. ಸೇದುವ ಬಾವಿಗೆ ಬದಲಾಗಿ ಕೊಳವೆಬಾವಿ ಬಂತು; ಹೆಂಗಸರ ಸೊಂಟಕ್ಕೆ ಬಿಡುವು ಸಿಕ್ಕಿತು. ಕೊಳವೆಬಾವಿಗಳು ಆಳಕ್ಕಿಳಿದಂತೆ ತೆರೆದ ಬಾವಿಗಳು ಬತ್ತಿದವು. ಕೋಲಾರದ ಕಡೆ ಸಾವಿರ ಅಡಿ ದಾಟಿದ ಕೊಳವೆಗಳಿವೆ. ಆ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿ ಕುಡಿಯಲು ಶುದ್ಧೀಕರಣ ಘಟಕದ ಕ್ಯಾನ್ ಹಿಡಿದು ಸಾಲುಗಟ್ಟಬೇಕಾಯಿತು. ಈಗ ಯಾರಾದರೂ ಬಾವಿಗೆ ಮರಳುತ್ತೇನೆ ಎಂದರೂ ಮರಳಲು ಬಾವಿಯಲ್ಲಿ ನೀರಿಲ್ಲ. ಒಬ್ಬ ಕೊರೆಸಿದ್ದರಿಂದ ಪಕ್ಕದವನೂ ಕೊರೆಸಲೇಬೇಕಾಯಿತು. ದುಡ್ಡಿಲ್ಲದ ಮೂರನೆಯವನು ಬಿಂದಿಗೆ ಹಿಡಿದು ನಿಂತ. ಇಲ್ಲಿಚ್ ಅವರ ಪುಸ್ತಕದ ಹೆಸರಿನಲ್ಲಿ ಶಕ್ತಿಯ ಜೊತೆಗೆ ಸಮಾನತೆ ಎಂಬ ಮಾತು ಏಕೆ ಸೇರಿತು ಎಂಬುದಕ್ಕೆ ಇದಕ್ಕಿಂತ ಬೇರೆ ಟಿಪ್ಪಣಿ ಬೇಡ.

ಎರಡನೆಯ ಕೃತಿಯ ‘ನೆರಳಿನ ದುಡಿಮೆ’ ಎಂಬ ಮಾತು ಇಂದಿಗೆ ಇನ್ನೂ ಹೆಚ್ಚು ಒಪ್ಪುತ್ತದೆ. ಸರಕು ಮತ್ತು ಸೇವೆಗಳ ಆರ್ಥಿಕತೆ ನಡೆಯಬೇಕಾದರೆ ಅವನ್ನು ಕೊಳ್ಳುವವರೂ ಕೂಲಿಯಿಲ್ಲದೆ ಒಂದಿಷ್ಟು ದುಡಿಯಬೇಕಾಗುತ್ತದೆ. ಆ ದುಡಿಮೆ ಯಾವ ಲೆಕ್ಕಪುಸ್ತಕದಲ್ಲೂ ಕಾಣುವುದಿಲ್ಲ ಎಂಬುದು ಅದರ ಸಾರ. ಹಿಂದೆ ಗುಮಾಸ್ತರು ಕುಳಿತು ಮಾಡುತ್ತಿದ್ದ ಎಷ್ಟೋ ಕೆಲಸ ಇಂದು ನಮ್ಮ ಅಂಗೈಗೆ ಬಂದಿದೆ. ಟಿಕೆಟು ನಾವೇ ಕಾದಿರಿಸುತ್ತೇವೆ, ಅರ್ಜಿ ನಾವೇ ತುಂಬುತ್ತೇವೆ, ದೂರನ್ನೂ ನಾವೇ ಯಂತ್ರದ ಧ್ವನಿಗೆ ಅಂಕಿ ಒತ್ತಿ ಒತ್ತಿ ದಾಖಲಿಸುತ್ತೇವೆ. ಅನುಕೂಲ ಎಂಬ ಹೆಸರಿನಲ್ಲಿ ನಮಗೆ ಸಿಕ್ಕಿರುವುದು ಬಹುಮಟ್ಟಿಗೆ ಸಂಬಳವಿಲ್ಲದ ನೌಕರಿ. ಓದುಬರಹ ಬಲ್ಲವರಿಗೆ ಇದು ಕಿರಿಕಿರಿ, ಬಾರದವರಿಗೆ ಅವಮಾನ. ಹಳ್ಳಿಯ ಧರ್ಮಕೇಂದ್ರಗಳಲ್ಲಿರುವ ಗುರುಗಳಿಗೆ ಗೊತ್ತಿದೆ: ಭಾನುವಾರದ ಬಲಿಪೂಜೆ ಮುಗಿದೊಡನೆ ಒಬ್ಬಿಬ್ಬರಾದರೂ ವಯಸ್ಸಾದ ತಾಯಂದಿರು ಫೋನು ಹಿಡಿದು ಬರುತ್ತಾರೆ. “ಇದರಲ್ಲಿ ಏನೋ ನಂಬರು ಬಂದದೆ ಸ್ವಾಮಿ, ಯಾರಿಗೂ ಹೇಳಬೇಡ ಅಂತಾರೆ, ನನಗೆ ಓದೋಕೆ ಬರಲ್ಲ, ಯಾರಿಗೆ ಹೇಳಲಿ?” ಜೀವಮಾನವಿಡೀ ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯದಿದ್ದಾಗ ಪಡಿತರಕ್ಕಾಗಿ ಮತ್ತೊಂದು ದಿನ ಕೂಲಿ ಬಿಟ್ಟು ಬರಬೇಕಾದವರೂ ಇವರೇ. ದುಡಿದದ್ದರಿಂದಲೇ ಬೆರಳು ಸವೆಯಿತು, ಬೆರಳು ಸವೆದದ್ದರಿಂದಲೇ ಅನ್ನಕ್ಕೆ ಅಡ್ಡಿಯಾಯಿತು.

ಇಷ್ಟರ ಮಟ್ಟಿಗೆ ಇಲ್ಲಿಚ್ ನಮಗೆ ಕಣ್ಣು ಕೊಡುತ್ತಾರೆ. ಆದರೆ ಅವರನ್ನು ಪೂರ್ತಿಯಾಗಿ ಒಪ್ಪುವುದು ನನ್ನಿಂದ ಸಾಧ್ಯವಾಗಿಲ್ಲ. ಅದಕ್ಕೆ ಕಾರಣ ಅಡಿಗೆಮನೆಯಲ್ಲಿದೆ.

ಬೀಸುವ ಕಲ್ಲಿನ ಪದಗಳನ್ನು ಕೊಂಡಾಡದ ಕನ್ನಡ ವಿಮರ್ಶಕರಿಲ್ಲ. ಹಲಸಂಗಿಯ ಗೆಳೆಯರು ಸಂಗ್ರಹಿಸಿಕೊಟ್ಟ ‘ಗರತಿಯ ಹಾಡು’ ನಮ್ಮ ಸಾಹಿತ್ಯದ ಹೆಮ್ಮೆ ಎಂಬುದರಲ್ಲಿ ಎರಡು ಮಾತಿಲ್ಲ. ಮಿಕ್ಸಿ, ಗ್ರೈಂಡರು, ಹಿಟ್ಟಿನ ಗಿರಣಿಗಳು ಬಂದು ಹಾಡು ನಿಂತಿತು ಎಂದು ಹಲುಬುವ ಲೇಖನಗಳನ್ನೂ ಸಾಕಷ್ಟು ಓದಿದ್ದೇವೆ. ಅವನ್ನು ಬರೆದವರಲ್ಲಿ ಹೆಚ್ಚಿನವರು ಗಂಡಸರು. ಕಲ್ಲಿನ ಗೂಟ ಹಿಡಿದು ತಿರುಗಿಸಿದವರಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮಡಿಲಲ್ಲಿ ಕೂಸನ್ನಿಟ್ಟುಕೊಂಡು, ಹತ್ತಾಳಿಗಾಗುವಷ್ಟು ಜೋಳ ಬೀಸಿದವಳಿಗೆ ಹಾಡು ಶ್ರಮವನ್ನು ಮರೆಯುವ ಉಪಾಯವಾಗಿತ್ತು. ಶ್ರಮವೇ ಹೋಗಿದ್ದರೆ ಹಾಡು ಹೋದೀತೆಂದು ಅವಳು ಅಳುತ್ತಿದ್ದಳೇ? ಕರಾವಳಿಯಲ್ಲಿ ಮಸಾಲೆ ಕಡೆಯುವ ಕಲ್ಲಿನ ಮುಂದೆ ಬೆನ್ನು ಬಗ್ಗಿಸಿದವರನ್ನು ಕೇಳಿದರೂ ಉತ್ತರ ಬೇರೆಯಾಗದು. ಹಸಿ ಸೌದೆಯ ಹೊಗೆಯಲ್ಲಿ ಕಣ್ಣು, ಶ್ವಾಸಕೋಶ ಕೆಡಿಸಿಕೊಂಡವರ ಮನೆಗೆ ಅಡುಗೆ ಅನಿಲದ ಸಿಲಿಂಡರು ಬಂದದ್ದನ್ನು ಆಧುನಿಕತೆಯ ಮೋಸ ಎನ್ನುವ ಧೈರ್ಯ ನನಗಂತೂ ಇಲ್ಲ. ಸಿಲಿಂಡರು ತುಂಬಿಸಲು ದುಡ್ಡಿಲ್ಲದೆ ಮತ್ತೆ ಸೌದೆಗೆ ಮರಳಿದವರಿದ್ದಾರೆ ಎಂಬುದು ಬೇರೆಯೇ ಸಂಕಟ.

ಇಲ್ಲಿಚ್ 1982ರಲ್ಲಿ ಪ್ರಕಟಿಸಿದ ‘ಜೆಂಡರ್’ ಎಂಬ ಗ್ರಂಥದಲ್ಲಿ ಹಳೆಯ ಸಮಾಜಗಳ ಗಂಡುಹೆಣ್ಣುಗಳ ಕೆಲಸ ಹಂಚಿಕೆಯನ್ನು ಕುರಿತು ಬರೆದಾಗ ಸ್ತ್ರೀವಾದಿ ಚಿಂತಕಿಯರು ಅವರನ್ನು ತೀವ್ರವಾಗಿ ಖಂಡಿಸಿದರು. ಗತಕಾಲವನ್ನು ಅವರು ಚೆಂದಗಾಣಿಸುತ್ತಾರೆ ಎಂಬ ಆರೋಪದಲ್ಲಿ ಹುರುಳಿದೆ. ಅವರ ತಕ್ಕಡಿಯಲ್ಲಿ ಕಳೆದುಹೋದ ಸ್ವಾಯತ್ತತೆ ಸದಾ ಭಾರವಾಗಿ ತೂಗುತ್ತದೆ. ಇಳಿದುಹೋದ ನೋವು ಹಗುರವಾಗಿ ತೂಗುತ್ತದೆ. ವೈದ್ಯಕೀಯದ ವಿಷಯದಲ್ಲೂ ಹೀಗೆಯೇ. ಕೆನ್ನೆಯ ಮೇಲೆ ಬೆಳೆದ ಗಡ್ಡೆಗೆ ಶಸ್ತ್ರಚಿಕಿತ್ಸೆ ಬೇಡವೆಂದು ಹಲವು ವರ್ಷ ಅದರ ನೋವಿನೊಂದಿಗೇ ಅವರು ಬದುಕಿದರು. ತಾವು ಬರೆದಂತೆ ಬಾಳಿದ ಆ ನಿಷ್ಠೆಗೆ ತಲೆಬಾಗಬೇಕು. ಆದರೆ ಜ್ವರದಿಂದ ಸುಡುತ್ತಿರುವ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಆ ಮಾದರಿಯನ್ನು ಉಪದೇಶಿಸಲಾಗುವುದಿಲ್ಲ. ಅಂದಹಾಗೆ, ವೇಗದ ಮಿತಿಯ ಬಗ್ಗೆ ಬರೆದ ಈ ಮಹನೀಯರು ಖಂಡದಿಂದ ಖಂಡಕ್ಕೆ ವಿಮಾನದಲ್ಲಿ ಹಾರಾಡಿಯೇ ಉಪನ್ಯಾಸ ನೀಡಿದರು. ಇದನ್ನು ದೋಷವೆಂದು ಹೇಳುತ್ತಿಲ್ಲ. ಆಮೂಲಾಗ್ರ ಏಕಸ್ವಾಮ್ಯದಿಂದ ಅದನ್ನು ಕಂಡುಹಿಡಿದವರಿಗೂ ಬಿಡುಗಡೆಯಿರಲಿಲ್ಲ ಎಂದಷ್ಟೇ ಸೂಚಿಸುತ್ತಿದ್ದೇನೆ.

ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದ ಕೊನೆಗೆ ಬರುವ ಮಾರ್ತಳನ್ನು ಕುರಿತು ಪ್ರಬೋಧಿಸುವಾಗ ನಾವು ಗುರುಗಳು ಸ್ವಲ್ಪ ಅವಸರ ಮಾಡುತ್ತೇವೆ. ಮರಿಯಳ ಭಾಗವೇ ಉತ್ತಮ ಎಂದು ಸಾರಿ ಮುಂದೆ ಹೋಗುತ್ತೇವೆ. ಅಷ್ಟು ಜನ ಅತಿಥಿಗಳಿಗೆ ಹಿಟ್ಟು ಬೀಸಿದವರು ಯಾರು ಎಂಬುದು ನಮಗೆ ಹೊಳೆಯುವುದಿಲ್ಲ, ಏಕೆಂದರೆ ಗುರುನಿವಾಸದಲ್ಲಿ ಊಟ ಹೊತ್ತಿಗೆ ಸರಿಯಾಗಿ ಮೇಜಿಗೆ ಬರುತ್ತದೆ. ಬೀಸುವ ಕೈಗೆ ಬಿಡುವು ಕೊಟ್ಟ ಯಂತ್ರ ಮರಿಯಳ ಭಾಗವನ್ನು ಮಾರ್ತಳಿಗೂ ದೊರಕಿಸಿಕೊಡಬಲ್ಲದು ಎಂಬ ಸಾಧ್ಯತೆಯನ್ನಾದರೂ ಒಪ್ಪಬೇಕು. ಅದು ನಿಜಕ್ಕೂ ದೊರಕಿಸಿತೇ, ಅಥವಾ ಆ ಬಿಡುವನ್ನು ಧಾರಾವಾಹಿಗಳೂ ಫೋನೂ ಎರಡನೆಯ ನೌಕರಿಯೂ ಕಬಳಿಸಿದವೇ ಎಂಬುದು ಮನೆಮನೆಗೂ ಬೇರೆಬೇರೆ.

ಹಾಗಾದರೆ ಎಲ್ಲಿ ಗೆರೆ ಎಳೆಯುವುದು? ಇಲ್ಲಿಚ್ ಸೈಕಲ್ಲನ್ನು ಮೆಚ್ಚುತ್ತಾರೆ ಎಂಬುದನ್ನು ಮರೆಯಬಾರದು. ಸೈಕಲ್ಲೂ ಯಂತ್ರವೇ, ಕಾರ್ಖಾನೆಯ ಉಕ್ಕಿನಿಂದ ಆದದ್ದೇ. ಬಳಸುವವನ ಸ್ವಂತ ಬಲವನ್ನು ಹೆಚ್ಚಿಸಿ, ಇನ್ನೊಬ್ಬನ ದಾರಿಗೆ ಅಡ್ಡವಾಗದ ಸಾಧನಗಳನ್ನು ಅವರು ಸ್ವಾಗತಿಸುತ್ತಾರೆ. ಇಂಥ ಸಾಧನಗಳಿಗೆ ನಮ್ಮ ನಾಡಿನಲ್ಲೇ ಒಳ್ಳೆಯ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ವಿಭಾಗವು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನವನ್ನು ರೂಪಿಸಲು ಹೊರಟಿತು. ಅದರ ಫಲವಾದ ಅಸ್ತ್ರ ಒಲೆ ಮಣ್ಣು ಇಟ್ಟಿಗೆಗಳಿಂದ ಊರಿನವರೇ ಕಟ್ಟಬಹುದಾದದ್ದು. ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯ ಮೂಲಕ ಹೊರಗೆ. ಬಡ ಹೆಂಗಸಿನ ಕಣ್ಣೂ ಉಳಿಯಿತು, ಅವಳ ಸ್ವಾತಂತ್ರ್ಯವೂ ಉಳಿಯಿತು. ಕಟ್ಟಿದ ಬಳಿಕ ಕೊಳವೆಯ ಮಸಿ ತೆಗೆಯುವವರಿಲ್ಲದೆ, ದುರಸ್ತಿ ಬಲ್ಲವರಿಲ್ಲದೆ ಎಷ್ಟೋ ಕಡೆ ಅದು ಮೂಲೆಗುಂಪಾಯಿತು ಎಂಬುದೂ ನಿಜ. ಒಳ್ಳೆಯ ಸಾಧನವೊಂದೇ ಸಾಲದು, ಅದನ್ನು ಕಾಪಾಡುವ ಊರು ಬೇಕು.

1978ರ ಜನವರಿಯಲ್ಲಿ ಇಲ್ಲಿಚ್ ಸೇವಾಗ್ರಾಮಕ್ಕೆ ಬಂದಿದ್ದರು. ಬಡವರಿಗಾಗಿ ತಂತ್ರಜ್ಞಾನ ಎಂಬ ವಿಷಯದ ಸಮ್ಮೇಳನವನ್ನು ಉದ್ಘಾಟಿಸುವ ಮುನ್ನ ಗಾಂಧೀಜಿ ವಾಸವಿದ್ದ ಗುಡಿಸಲಿನಲ್ಲಿ ಕುಳಿತು ಕಂಡುಕೊಂಡದ್ದನ್ನೇ ಅವರು ಭಾಷಣವಾಗಿಸಿದರು. ಮನುಷ್ಯನು ವಾಸಿಸುವ ಮನೆ ಬೇರೆ, ಸಾಮಾನುಗಳ ಭದ್ರತೆಗಾಗಿ ಕಟ್ಟಿದ ಕಟ್ಟಡ ಬೇರೆ ಎಂಬುದು ಅಲ್ಲಿ ಅವರು ಮಾಡಿದ ವಿವೇಚನೆ. ಇಂದಿನ ನಮ್ಮ ಮನೆಗಳ ನಕ್ಷೆ ನೋಡಿದರೆ ಮಾತು ಅರ್ಥವಾಗುತ್ತದೆ. ದೂರದರ್ಶನದ ಗೋಡೆ, ತೊಳೆಯುವ ಯಂತ್ರದ ಮೂಲೆ, ಕಾರಿಗೆ ನೆಲಮಾಳಿಗೆ, ಎಲ್ಲಕ್ಕೂ ಜಾಗ ಗೊತ್ತುಮಾಡಿದೆ. ಬಂದವರು ಕುಳಿತು ಮಾತಾಡುವ ಜಗಲಿ ಇಲ್ಲ. ಬಂದವರು ಫೋನು ಮಾಡದೆ ಬರುವಂತೆಯೂ ಇಲ್ಲ.

2025ರ ಏಪ್ರಿಲ್ 21ರಂದು ನಮ್ಮನ್ನಗಲಿದ ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ಎಂಬ ವಿಶ್ವಪರಿಪತ್ರದಲ್ಲಿ ಇದೇ ನೆಲೆಯ ಪ್ರಶ್ನೆಗಳನ್ನು ಎತ್ತಿದರು. ಬದುಕಿನ ಲಯ ವಿಪರೀತ ವೇಗ ಪಡೆಯುತ್ತಿರುವುದು, ಹವಾನಿಯಂತ್ರಕಗಳ ಹೆಚ್ಚಳ, ಒಬ್ಬಿಬ್ಬರು ಕುಳಿತ ಕಾರುಗಳಿಂದ ತುಂಬಿದ ನಗರಗಳು, ಇವೆಲ್ಲ ಆ ಪತ್ರದಲ್ಲಿವೆ. ರೊಮಾನೊ ಗುವಾರ್ದಿನಿಯವರನ್ನು ಅದು ಮತ್ತೆ ಮತ್ತೆ ಉಲ್ಲೇಖಿಸುತ್ತದೆ. ಇಲ್ಲಿಚ್ ಅವರ ಹೆಸರು ಬರುವುದಿಲ್ಲವಾದರೂ ಅವರನ್ನು ಓದಿದವರಿಗೆ ಹಲವು ಪುಟಗಳಲ್ಲಿ ಅವರ ಧ್ವನಿಯ ನೆನಪಾಗುತ್ತದೆ. ವಿಶ್ವಪರಿಪತ್ರವು ವ್ಯಕ್ತಿಯ ಮನಃಪರಿವರ್ತನೆಗೂ ವ್ಯವಸ್ಥೆಯ ಬದಲಾವಣೆಗೂ ಸಮಾನ ಒತ್ತು ನೀಡುತ್ತದೆ. ನಮ್ಮ ಧರ್ಮಪ್ರಾಂತ್ಯಗಳಲ್ಲಿ ಅದು ತಲುಪಿರುವುದು ಬಹುತೇಕ ಸಸಿ ನೆಡುವ ಕಾರ್ಯಕ್ರಮವಾಗಿ. ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು, ಒಬ್ಬೊಬ್ಬರು ಒಂದೊಂದು ಕಾರಿನಲ್ಲಿ ಮರಳುತ್ತೇವೆ.

ಇಲ್ಲಿಚ್ ಅವರ ಕೊನೆಯ ಗ್ರಂಥವೇ ನಮ್ಮಂಥವರನ್ನು ಹೆಚ್ಚು ಕಾಡುವಂಥದು. ಡೇವಿಡ್ ಕೇಲಿಯವರೊಡನೆ ನಡೆಸಿದ ಈ ಸಂಭಾಷಣೆಗಳಲ್ಲಿ ಅವರು ಸಮಾರಿಯದವನ ಸಾಮತಿಯನ್ನು ಎದುರಿಗಿಟ್ಟುಕೊಂಡು ಮಾತಾಡುತ್ತಾರೆ. ನೆರೆಯವನು ಯಾರು ಎಂಬುದನ್ನು ಕುಲ, ಊರು, ಕಟ್ಟಳೆಗಳು ನಿರ್ಧರಿಸುತ್ತಿದ್ದ ಕಾಲದಲ್ಲಿ, ದಾರಿಯಲ್ಲಿ ಬಿದ್ದವನನ್ನು ಕಂಡು ಕರುಳು ಕದಡಿದ ಪರಕೀಯನೊಬ್ಬ ಆ ಎಲ್ಲೆಗಳನ್ನು ದಾಟಿದ. ಇದು ಶುಭಸಂದೇಶ ಜಗತ್ತಿಗೆ ತಂದ ಹೊಸತು. ಆದರೆ ಆ ಹೊಸತನ್ನು ಖಾತ್ರಿಪಡಿಸಿಕೊಳ್ಳುವ ಆಸೆಯಿಂದ ಧರ್ಮಸಭೆಯೇ ಅದನ್ನು ಸಂಸ್ಥೆಯಾಗಿಸಿತು ಎನ್ನುತ್ತಾರೆ ಇಲ್ಲಿಚ್. ಆದಿ ಕ್ರೈಸ್ತರ ಮನೆಗಳಲ್ಲಿ ಅಪರಿಚಿತನಿಗಾಗಿ ಒಂದು ಹಾಸಿಗೆ, ಒಂದು ತುಂಡು ಮೇಣದಬತ್ತಿ, ಒಂದಿಷ್ಟು ಒಣ ರೊಟ್ಟಿ ಇರುತ್ತಿದ್ದವು. ಧರ್ಮಾಧ್ಯಕ್ಷರು ಛತ್ರಗಳನ್ನು ಕಟ್ಟಿಸಿದ ಮೇಲೆ ಆ ಹಾಸಿಗೆ ಮನೆಯಿಂದ ಹೊರಟುಹೋಯಿತು. ಸಂತ ಜಾನ್ ಕ್ರಿಸೊಸ್ತೋಮರು ಅಂದೇ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರಂತೆ. ಅತ್ಯುತ್ತಮವಾದದ್ದು ಕೆಟ್ಟಾಗ ಅದಕ್ಕಿಂತ ಕೆಟ್ಟದ್ದು ಬೇರೊಂದಿರದು ಎಂಬ ಹಳೆಯ ಲ್ಯಾಟಿನ್ ನುಡಿಯನ್ನು ಅವರು ಇದಕ್ಕೆ ಅನ್ವಯಿಸುತ್ತಾರೆ. ಆಧುನಿಕ ಅನುಕೂಲಗಳ ಮೂಲವನ್ನು ಅವರು ಹುಡುಕುವುದು ಕಾರ್ಖಾನೆಯಲ್ಲಲ್ಲ, ನಮ್ಮದೇ ಅಂಗಳದಲ್ಲಿ!

ನಮ್ಮ ಧರ್ಮಕೇಂದ್ರಗಳ ಬದುಕಿನಲ್ಲಿ ಇದಕ್ಕೆ ಪುರಾವೆ ಹುಡುಕಿ ಹೋಗಬೇಕಿಲ್ಲ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಮದುವೆಗೆ ಮುನ್ನ ರೋಸ್ ಶಾಸ್ತ್ರಕ್ಕೆ ತೆಂಗಿನಕಾಯಿ ತುರಿಯಲು, ಅಡುಗೆಗೆ ಈರುಳ್ಳಿ ಹೆಚ್ಚಲು ವಾಡೆಯ ಹೆಂಗಸರೆಲ್ಲ ಸೇರುತ್ತಿದ್ದರು. ಈಗ ಕ್ಯಾಟರಿಂಗ್‌ನವರು ಬರುತ್ತಾರೆ, ನೆರೆಯವರು ಲಕೋಟೆ ಹಿಡಿದು ಬರುತ್ತಾರೆ. ಸಾವಿನ ಮನೆಯಲ್ಲಿನ ಬದಲಾವಣೆ ಇನ್ನೂ ಸೂಕ್ಷ್ಮವಾದದ್ದು. ಬಾಡಿಗೆಯ ಶೀತಲ ಪೆಟ್ಟಿಗೆ ಬಂದ ಮೇಲೆ ಗಲ್ಫ್‌ನಲ್ಲಿರುವ ಮಗ ಬಂದು ತಂದೆಯ ಮುಖ ನೋಡಲು ಸಾಧ್ಯವಾಗಿದೆ. ಇದು ಸಣ್ಣ ಉಪಕಾರವಲ್ಲ. ಹಿಂದೆ ತಂತಿ ತಲುಪುವಷ್ಟರಲ್ಲಿ ಮಣ್ಣಾಗಿರುತ್ತಿತ್ತು, ದೂರದ ಮಕ್ಕಳು ಆ ಕೊರಗನ್ನು ಜೀವಮಾನವಿಡೀ ಹೊರುತ್ತಿದ್ದರು. ಆದರೆ ಒಂದೇ ರಾತ್ರಿಯ ಜಾಗರಣೆಗೆ ಊರಿಡೀ ಕೂರುತ್ತಿದ್ದುದು ಹೋಗಿ, ಮೂರು ದಿನದ ಕಾಯುವಿಕೆಯಲ್ಲಿ ಜನ ಬಂದು ಹೋಗುತ್ತಾರೆ. ನಡುರಾತ್ರಿ ಪೆಟ್ಟಿಗೆಯ ಮೋಟಾರಿನ ಸದ್ದಿನ ಪಕ್ಕದಲ್ಲಿ ವಿಧವೆ ಒಬ್ಬಳೇ ಉಳಿಯುತ್ತಾಳೆ. ಈ ಎರಡರಲ್ಲಿ ಯಾವುದು ಮೇಲು ಎಂದು ಆ ಮನೆಯವರನ್ನು ಕೇಳಿದರೆ ಮಗ ಒಂದು ಉತ್ತರ ಕೊಟ್ಟಾನು, ತಾಯಿ ಇನ್ನೊಂದು ಕೊಟ್ಟಾಳು. 2020ರ ಲಾಕ್‌ಡೌನ್ ತಿಂಗಳುಗಳಲ್ಲಿ ಬಲಿಪೂಜೆಯನ್ನು ಪರದೆಯ ಮೇಲೆ ಕಂಡೆವು. ರೋಗಿಗಳಿಗೂ ವೃದ್ಧರಿಗೂ ಅದು ಆಸರೆಯಾಗಿತ್ತು, ಇಂದಿಗೂ ಆಗಿದೆ. ಅದೇ ವರ್ಷದ ಏಪ್ರಿಲ್ 17ರ ಬೆಳಗಿನ ಪ್ರಬೋಧನೆಯಲ್ಲಿ ಫ್ರಾನ್ಸಿಸ್‌ರವರು, ಇದು ಸುರಂಗದಿಂದ ಹೊರಬರುವ ದಾರಿಯಾಗಬೇಕು, ಅಲ್ಲೇ ನೆಲೆಸುವ ಬಿಡಾರವಾಗಬಾರದು ಎಂಬರ್ಥದ ಮಾತಾಡಿದ್ದರು. ಆರೋಗ್ಯವಂತರಾದ ಕೆಲವರು ಇನ್ನೂ ಬಿಡಾರದಲ್ಲೇ ಇದ್ದಾರೆ; ಚಹಾ ಕುಡಿಯುತ್ತ ಬಲಿಪೂಜೆ ನೋಡುವುದು ಅನುಕೂಲವೇ ಸರಿ.

ಆದರೂ ಸಾಮತಿಯ ಕುರಿತು ಇಲ್ಲಿಚ್ ಹೇಳುವುದನ್ನು ಓದುವಾಗ ನನಗೊಂದು ತಕರಾರು ಉಳಿಯುತ್ತದೆ. ಅವರ ಒತ್ತು ಇರುವುದು ರಸ್ತೆಯ ಮೇಲೆ, ಇಬ್ಬರು ಮುಖಾಮುಖಿಯಾದ ಆ ಗಳಿಗೆಯ ಮೇಲೆ. ಸಂತ ಲೂಕರು ಕಥೆಯನ್ನು ಅಲ್ಲಿಗೇ ನಿಲ್ಲಿಸಿಲ್ಲ. ಸಮಾರಿಯದವನು ಎಣ್ಣೆ ಮತ್ತು ದ್ರಾಕ್ಷಾರಸ ಬಳಸಿದ. ಅದು ಅಂದಿನ ಔಷಧ. ಗಾಯಾಳುವನ್ನು ತನ್ನ ವಾಹನದ ಮೇಲೆ ಕೂರಿಸಿದ, ಹೊತ್ತುಕೊಂಡು ನಡೆಯಲಿಲ್ಲ. ಛತ್ರಕ್ಕೆ ಕರೆದೊಯ್ದ, ಅದು ಸಂಸ್ಥೆ. ಮರುದಿನ ಎರಡು ದಿನಾರಿ ನಾಣ್ಯ ತೆಗೆದು ಛತ್ರದವನಿಗೆ ಕೊಟ್ಟ, ಅದು ಸಂಬಳ. ಇಲ್ಲಿಚ್ ಅನುಮಾನಿಸುವ ಎಲ್ಲವೂ, ವಾಹನ, ಔಷಧ, ಸಂಸ್ಥೆ, ಹಣ, ಈ ಸಾಮತಿಯ ಒಳಗೇ ಇವೆ. ಆದರೆ ಒಂದನ್ನು ಗಮನಿಸಬೇಕು. ನಾಣ್ಯ ಕೊಡುವ ಮುನ್ನ ಆ ರಾತ್ರಿ ಅವನೇ ಗಾಯಾಳುವಿನ ಆರೈಕೆ ಮಾಡಿದ. ಹೋಗುವಾಗ ಮತ್ತೆ ಬರುತ್ತೇನೆ, ಹೆಚ್ಚಿನ ಖರ್ಚನ್ನು ಆಗ ತೀರಿಸುತ್ತೇನೆ ಎಂದು ಮಾತು ಕೊಟ್ಟ. ಎಷ್ಟು ದಿನಕ್ಕೆ ಎಂದು ಹೇಳಲಿಲ್ಲ, ಲೆಕ್ಕವನ್ನು ಮುಚ್ಚಲೂ ಇಲ್ಲ.

ವೃದ್ಧಾಶ್ರಮಗಳನ್ನು ನಡೆಸುವ ಸಿಸ್ಟರುಗಳನ್ನು ಮಾತಾಡಿಸಿದರೆ ಈ ವ್ಯತ್ಯಾಸ ಎಷ್ಟು ದೂರ ಹೋಗುತ್ತದೆ ಎಂಬುದು ತಿಳಿಯುತ್ತದೆ. ತಂದೆತಾಯಿಯರನ್ನು ಅಲ್ಲಿ ಬಿಟ್ಟವರನ್ನೆಲ್ಲ ಅವರು ಒಂದೇ ತೂಕದಲ್ಲಿ ತೂಗುವುದಿಲ್ಲ. ಪರವೂರಿನಲ್ಲಿ ಎರಡು ಪಾಳಿ ದುಡಿಯುವ ಮಗಳು ಬೇರೆ ದಾರಿಯಿಲ್ಲದೆ ತಂದು ಸೇರಿಸಿರುತ್ತಾಳೆ. ತಿಂಗಳಿಗೊಮ್ಮೆ ಬಸ್ಸು ಹಿಡಿದು ಬಂದು, ತಾಯಿಯ ತಲೆ ಬಾಚಿ, ಸಂಜೆಯ ಬಸ್ಸಿಗೆ ಮರಳುತ್ತಾಳೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲವಾದ್ದರಿಂದ ಕೆಲವರು ತಿಂಗಳಿಗೆ ಎರಡು ಬಾರಿ ಬರತೊಡಗಿದ್ದಾರೆ. ಮತ್ತೊಬ್ಬರ ಮನೆಯಿಂದ ಪ್ರತಿ ತಿಂಗಳ ಒಂದನೆಯ ತಾರೀಖಿಗೆ ತಪ್ಪದೆ ಹಣ ಜಮಾ ಆಗುತ್ತದೆ. ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಬರಬೇಕಾದ ತೊಂದರೆಯಿಲ್ಲ.